89 ವೋಟಿನ ಲೆಕ್ಕ: ಮಂಜೇಶ್ವರದಲ್ಲಿ ಸೋತವರೂ ಗೆದ್ದವರೂ ಯಾಕೆ ಅಷ್ಟು ಖಚಿತವಾಗಿ ಮಾತಾಡ್ತಾರೆ

2016ರ ಮೇ 19, ಕೇರಳ ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ಪೈವಳಿಕೆ ಕಡೆಯ ನಮ್ಮ ಪೇಟೆಯ ಅಡಿಕೆ ಅಂಗಡಿಯಲ್ಲಿ ಟಿವಿ ಹಾಕಿದ್ದರು, ಹತ್ತು ಹದಿನೈದು ಜನ ಗೋಣಿಚೀಲದ ಮೇಲೆ, ಮೆಟ್ಟಿಲ ಮೇಲೆ, ಎಲ್ಲಿ ಜಾಗ ಸಿಕ್ತೋ ಅಲ್ಲಿ ಕೂತಿದ್ದೆವು. ನಮ್ಮ ದೊಡ್ಡಮಾವ ಬಿಜೆಪಿಗೆ ವೋಟು ಹಾಕುವವರು, ಅಂಗಡಿಯ ಇಚ್ಚ ಲೀಗಿನವರು, ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಲ್ಲಿ ಕಲಿತವರು, ಈಗಲೂ ಏಕವಚನದಲ್ಲೇ ಮಾತು. ಕಡೆಗೆ ನಮ್ಮ ಮಂಜೇಶ್ವರ ಕ್ಷೇತ್ರದ ರಿಸಲ್ಟ್ ಬಂತು. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ 56,870, ಬಿಜೆಪಿಯ ಕೆ. ಸುರೇಂದ್ರನ್ 56,781. ಅಂತರ 89. ಒಂದು ಕ್ಷಣ ಅಂಗಡಿಯಲ್ಲಿ ಯಾರದ್ದೂ ಸದ್ದಿಲ್ಲ. ಆಮೇಲೆ ಹೊರಗೆ ಪಟಾಕಿ ಶುರುವಾಯ್ತು, ಇಚ್ಚ ಎರಡೂ ಕೈ ಮೇಲೆತ್ತಿದರು, ಮಾವ ಎದ್ದು ಚಪ್ಪಲಿ ಹುಡುಕುತ್ತಾ "ಇದು ಕಳ್ಳವೋಟು, ಬರೆದಿಟ್ಕೋ" ಅಂದರು. ಇಚ್ಚ "ಸೋತಾಗ ಎಲ್ಲ ಕಳ್ಳವೋಟೇ ಕಾಣೋದು ಮಾರಾಯ" ಅಂದರು. ಆ ಮೇಲೆ ಸುಮಾರು ಎರಡು ತಿಂಗಳು ಅವರಿಬ್ಬರ ನಡುವೆ ಅಡಿಕೆ ರೇಟು ಬಿಟ್ಟರೆ ಬೇರೆ ಮಾತೇ ಇರಲಿಲ್ಲ.

ಅವತ್ತಿಂದ ನನಗೆ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿದೆ. ಫಲಿತಾಂಶ ಇಷ್ಟು ಹತ್ತಿರ ಬಂದಾಗ ನ್ಯಾಯವಾಗಿ ನೋಡಿದರೆ ಎಲ್ಲರಿಗೂ ಸ್ವಲ್ಪ ಅನುಮಾನ ಹೆಚ್ಚಾಗಬೇಕು, ಊರು ಎರಡು ಭಾಗವಾಗಿ ನಿಂತಿದೆ, ನಮ್ಮ ಮಾತು ಪೂರ್ತಿ ಸರಿ ಇರ್ಲಿಕ್ಕಿಲ್ಲ ಅಂತ ಅನ್ನಿಸಬೇಕು. ಆದರೆ ಆಗೋದು ತದ್ವಿರುದ್ಧ, ಅಂತರ ಕಮ್ಮಿಯಾದಷ್ಟೂ ಜನ ಗಟ್ಟಿಯಾಗಿ ಮಾತಾಡ್ತಾರೆ. ಇದು ಯಾಕೆ ಅಂತ ನನಗೆ ಅರ್ಥ ಆದಷ್ಟು ಬಿಡಿಸಿ ಬರೀತೇನೆ, ನಮ್ಮ ಮಂಜೇಶ್ವರ ಕ್ಷೇತ್ರವನ್ನೇ ಇಟ್ಟುಕೊಂಡು, ಯಾಕಂದ್ರೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ.

ಮೊದಲು ಲೆಕ್ಕ ನೋಡುವ. 89ರ ಅಂತರ ಅಂದ್ರೆ 89 ಜನ ಮನಸ್ಸು ಬದಲಾಯಿಸಬೇಕಿತ್ತು ಅಂತ ಅಲ್ಲ. ರಝಾಕ್ ಅವರಿಗೆ ಹಾಕಿದವರಲ್ಲಿ ಬರೀ 45 ಜನ ಸುರೇಂದ್ರನ್ ಅವರಿಗೆ ಹಾಕಿದ್ದರೆ ರಝಾಕ್‌ಗೆ 56,825, ಸುರೇಂದ್ರನ್‌ಗೆ 56,826, ಫಲಿತಾಂಶ ತಿರುಗಿಬಿಡ್ತಿತ್ತು. 45 ಜನ ಅಂದ್ರೆ ಎಷ್ಟು? ಒಂದು ಬಸ್ಸಿನ ಸೀಟು ಭರ್ತಿಯಾಗುವಷ್ಟು ಜನ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ, ಈ ಎಂಟು ಪಂಚಾಯತುಗಳಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ವೋಟು ಬಿದ್ದ ಕಡೆ 45 ಜನ.

ಈಗ ಯೋಚನೆ ಮಾಡಿ, 45 ಜನರ ಮನಸ್ಸು ಬದಲಾಯಿಸುವ ಶಕ್ತಿ ಯಾವುದಕ್ಕೆಲ್ಲ ಉಂಟು? ಒಂದು ದೇವಸ್ಥಾನದ ಜಾತ್ರೆಯಲ್ಲಿ ಆದ ಜಗಳಕ್ಕೆ ಉಂಟು. ಒಂದು ರಸ್ತೆ ಡಾಮರು ಆಗದ್ದಕ್ಕೆ ಉಂಟು. ಆ ದಿನ ಬಂದ ಮಳೆಗೆ, ಕೈಕೊಟ್ಟ ಜೀಪಿಗೆ, ಒಬ್ಬ ಕಾರ್ಯಕರ್ತ ಮಾಡಿದ ಇಲ್ಲವೇ ಮಾಡದೆ ಬಿಟ್ಟ ಮನೆಭೇಟಿಗೆ, ಎಲ್ಲದಕ್ಕೂ ಉಂಟು. ಆ ಚುನಾವಣೆಯಲ್ಲಿ ಬಿಎಸ್‌ಪಿಯಿಂದ ಕೆ. ಸುಂದರ ಅಂತ ಒಬ್ಬ ಅಭ್ಯರ್ಥಿ ನಿಂತಿದ್ದರು, ಅವರಿಗೆ 467 ವೋಟು ಬಿತ್ತು. ಹೆಸರು ಹತ್ತಿರ ಹತ್ತಿರ ಇರೋದ್ರಿಂದ ವೋಟು ದಾರಿ ತಪ್ಪಿತು ಅಂತ ಬಿಜೆಪಿಯವರು ಇವತ್ತಿಗೂ ಹೇಳ್ತಾರೆ. ತಪ್ಪಿರಬಹುದು. ಆದರೆ ಗಮನಿಸಿ, ಇಷ್ಟು ಕಮ್ಮಿ ಅಂತರದಲ್ಲಿ "ಇದರಿಂದಲೇ ಸೋತದ್ದು" ಅಂತ ಯಾವುದನ್ನು ತೋರಿಸಿದರೂ ಅದು ಸುಳ್ಳು ಅಂತ ಯಾರಿಗೂ ಸಾಬೀತು ಮಾಡ್ಲಿಕ್ಕೆ ಆಗಲ್ಲ. 20 ಸಾವಿರದಲ್ಲಿ ಸೋತರೆ ಹೆಸರಿನ ಗೊಂದಲ ಅಂದವರ ಮಾತು ಅಲ್ಲೇ ಬಿದ್ದುಹೋಗ್ತದೆ. 89ರಲ್ಲಿ ಸೋತರೆ ನೂರು ಕಾರಣವೂ ಒಟ್ಟಿಗೆ ನಿಜ ಆಗಬಹುದು, ಪ್ರತಿಯೊಬ್ಬನೂ ಅದರಲ್ಲಿ ತನಗೆ ಬೇಕಾದ್ದನ್ನು ಹೆಕ್ಕಿಕೊಳ್ಳಬಹುದು, ಹೆಕ್ಕಿಕೊಂಡದ್ದು ತಪ್ಪೂ ಅಲ್ಲ, ಅದಕ್ಕೇ ಅವನಿಗೆ ಅಷ್ಟು ಧೈರ್ಯ. ನನ್ನ ಪ್ರಕಾರ ಇಡೀ ವಿಷಯದ ಬೇರು ಇರೋದು ಇಲ್ಲಿ.

ನಮ್ಮಲ್ಲಿ ಮೂರು ಪಕ್ಷ ಇರೋದ್ರಿಂದ ಕಥೆಯೂ ಮೂರು. ಬಿಜೆಪಿಯವರ ಕಥೆ, ನಮ್ಮನ್ನು ಸೋಲಿಸ್ಲಿಕ್ಕೆ ಎಡರಂಗದವರು, ಅಂದ್ರೆ ಸಿಪಿಎಂ ಕೂಟದವರು, ಕಡೇ ಗಳಿಗೆಯಲ್ಲಿ ಲೀಗಿಗೆ ವೋಟು ದಾಟಿಸ್ತಾರೆ ಅಂತ. ಎಡರಂಗದವರ ಕಥೆ ಇನ್ನೂ ಹಳೇದು, 1991ರ 'ಕೋಲೀಬಿ', ಅಂದ್ರೆ ಕಾಂಗ್ರೆಸ್, ಲೀಗ್, ಬಿಜೆಪಿ ಸೇರಿ ವಡಗರ ಮತ್ತು ಬೇಪೂರಲ್ಲಿ ಒಬ್ಬೊಬ್ಬನೇ ಅಭ್ಯರ್ಥಿಗೆ ಒಳಗಿಂದ ಬೆಂಬಲ ಕೊಟ್ಟರು ಅಂತ ಆರೋಪ ಬಂದದ್ದು, ಆ ಇಬ್ಬರೂ ಸೋತರು, ಆದರೆ ಆ ಮೂರಕ್ಷರ ಮಾತ್ರ ಪ್ರತಿ ಚುನಾವಣೆಗೂ ಪುನಃ ಎದ್ದು ಬರ್ತದೆ. ಕಾಂಗ್ರೆಸ್, ಲೀಗ್ ಇರುವ ಐಕ್ಯರಂಗದವರದ್ದು, ಎಡರಂಗ ವೋಟು ಒಡೆದು ಬಿಜೆಪಿಗೆ ದಾರಿ ಮಾಡಿಕೊಡ್ತದೆ ಅಂತ. 2016ರಲ್ಲಿ ಸಿಪಿಎಂನ ಸಿ.ಎಚ್. ಕುಞಂಬು ಅವರಿಗೆ 42,565 ವೋಟು ಬಿದ್ದಿತ್ತು. ಇದೇ ಕುಞಂಬು 2006ರಲ್ಲಿ ಇಲ್ಲಿ ಗೆದ್ದವರು, ಅದೂ 1987ರಿಂದ ಗೆಲ್ತಾ ಬಂದಿದ್ದ ಚೆರ್ಕಳಂ ಅಬ್ದುಲ್ಲ ಅವರನ್ನು ಕೆಳಗಿಳಿಸಿ. ಹಾಗಾಗಿ ಆ 42 ಸಾವಿರವನ್ನು 'ಮೂರನೇ ಸ್ಥಾನ' ಅಂತ ಬದಿಗೆ ಇಡ್ಲಿಕ್ಕೆ ಬರುವುದಿಲ್ಲ.

ಇನ್ನೊಂದು ಲೆಕ್ಕ ಯಾರೂ ಮಾತಾಡುವುದಿಲ್ಲ. ಈ ಮೂವರ ವೋಟು ಕೂಡಿಸಿ ನೋಡಿ, 1,56,216. ಗೆದ್ದವರಿಗೆ ಬಂದದ್ದು ಅದರ ನೂರಕ್ಕೆ 36ರ ಆಸುಪಾಸು. ನಮ್ಮ ಪದ್ಧತಿಯಲ್ಲಿ ಒಂದು ವೋಟು ಜಾಸ್ತಿ ಬಂದವನಿಗೆ ಇಡೀ ಸೀಟು, ಉಳಿದವರಿಗೆ ಸೊನ್ನೆ. 56,781 ಜನರ ವೋಟು ಎಣಿಕೆ ಕೊಠಡಿಯಿಂದ ಹೊರಗೆ ಬರುವಾಗ ಖಾಲಿ ಕೈ. ಗೆದ್ದವರು ಇದನ್ನು 'ಜನಾದೇಶ' ಅಂತಾರೆ, ಸೋತವರು 'ಜನರ ಮನಸ್ಸು ನಮ್ಮ ಕಡೆ ಇತ್ತು' ಅಂತಾರೆ. ಎರಡೂ ಒಂದೇ ಅಂಕಿ ನೋಡಿ ಹೇಳಿದ ಮಾತು.

ಇನ್ನು ಮನಸ್ಸಿನ ವಿಷಯ. ಕುಂಬಳೆಯಲ್ಲಿ ಮಂಗಳೂರಿನ ಬಸ್ಸಿಗೆ ಓಡಿ ಬರ್ತೀರಿ ಅಂತ ಇಟ್ಟುಕೊಳ್ಳಿ. ಬಸ್ಸು ಅರ್ಧ ಗಂಟೆ ಮುಂಚೆ ಹೋಗಿತ್ತು ಅಂದ್ರೆ "ಆಯ್ತು, ಇನ್ನೊಂದು ಬರ್ತದೆ" ಅಂತ ಬೆಂಚಲ್ಲಿ ಕೂರ್ತೀರಿ. ಕಣ್ಣೆದುರೇ ಬಾಗಿಲು ಹಾಕ್ಕೊಂಡು ಹೋಯ್ತು ಅಂದ್ರೆ? ಚಪ್ಪಲಿಯ ವಾರು ಸರಿ ಮಾಡ್ಲಿಕ್ಕೆ ನಿಂತದ್ದು, ದಾರಿಯಲ್ಲಿ ಒಬ್ಬರು ಮಾತಾಡಿಸಿದ್ದು, ಕಂಡಕ್ಟರ್ ಕಂಡೂ ಬೆಲ್ ಹೊಡೆದದ್ದು, ಎಲ್ಲ ಒಂದೊಂದೇ ನೆನಪಾಗಿ ಸಂಜೆವರೆಗೂ ಕೊರೀತದೆ. ನಷ್ಟ ಎರಡರಲ್ಲೂ ಒಂದೇ, ಬಸ್ಸು ತಪ್ಪಿದ್ದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ವಿಡಿಯೋಗಳನ್ನು ಇಟ್ಟುಕೊಂಡು ಅಮೆರಿಕದ ಮನಃಶಾಸ್ತ್ರಜ್ಞರು ಕ್ರೀಡಾಪಟುಗಳ ಮುಖ ನೋಡಿದ್ದರು, 1995ರಲ್ಲಿ ಅದು ಪ್ರಕಟ ಆಯ್ತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖದಲ್ಲಿ ಹೆಚ್ಚು ಸಂತೋಷ ಇತ್ತು. ಬೆಳ್ಳಿಯವನು "ಚಿನ್ನ ತಪ್ಪಿತು" ಅಂತ ನೋಡ್ತಾನೆ, ಕಂಚಿನವನು "ಅಷ್ಟಾದರೂ ಸಿಕ್ಕಿತು" ಅಂತ. 2016ರಲ್ಲಿ ನಮ್ಮ ಪೇಟೆಯಲ್ಲೂ ಇದನ್ನೇ ಕಂಡೆ, 14 ಸಾವಿರ ಹಿಂದೆ ಬಿದ್ದ ಸಿಪಿಎಂನವರು ಮರುದಿನವೇ ಚಾ ಕುಡೀತಾ ರಾಜ್ಯದಲ್ಲಿ ಸರಕಾರ ಬಂದದ್ದರ ಬಗ್ಗೆ ಮಾತಾಡ್ತಿದ್ದರು, 89 ಹಿಂದೆ ಬಿದ್ದ ಮಾವನಿಗೆ ಊಟ ಸೇರಲಿಲ್ಲ.

ಆಮೇಲೆ ಕಣ್ಣಿನ ವಿಷಯ. 1951ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒಂದು ಫುಟ್ಬಾಲ್ ಮ್ಯಾಚ್ ಆಗಿತ್ತು, ತುಂಬ ಒರಟಾಟ, ಮೂಳೆ ಮುರಿದವರೂ ಇದ್ದರು. ಹಾಸ್ಟೋರ್ಫ್ ಮತ್ತು ಕ್ಯಾಂಟ್ರಿಲ್ ಅಂತ ಇಬ್ಬರು ಸಂಶೋಧಕರು ಆ ಮ್ಯಾಚಿನ ಒಂದೇ ಫಿಲ್ಮನ್ನು ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ ಫೌಲ್ ಲೆಕ್ಕ ಹಾಕಿ ಅಂದರು. ಡಾರ್ಟ್‌ಮೌತಿನವರು ಮಾಡಿದ ಫೌಲುಗಳು ಪ್ರಿನ್ಸ್‌ಟನ್ ಹುಡುಗರಿಗೆ ಡಾರ್ಟ್‌ಮೌತ್ ಹುಡುಗರಿಗಿಂತ ಸುಮಾರು ಎರಡು ಪಟ್ಟು ಕಂಡವು. ಯಾರೂ ಸುಳ್ಳು ಹೇಳ್ತಿರಲಿಲ್ಲ, ಇದು ಮುಖ್ಯ, ಅವರಿಗೆ ಕಂಡದ್ದೇ ಹಾಗೆ. ನಮ್ಮ ಮಾವನೂ ಸುಳ್ಳು ಹೇಳಿದ್ದಲ್ಲ, ಇಚ್ಚನೂ ಅಲ್ಲ. ನಾನು ಅವರಿಬ್ಬರನ್ನೂ ಚಿಕ್ಕಂದಿನಿಂದ ಬಲ್ಲವನು.

ಹಾಗಾದ್ರೆ ಕಳ್ಳವೋಟು ಅನ್ನೋದು ಬರೀ ಸೋತವರ ಭ್ರಮೆಯಾ? ಅಲ್ಲ, ಅದನ್ನೂ ಸರಿಯಾಗಿ ಹೇಳಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ ಇದೇ ಕಾಸರಗೋಡು ಕ್ಷೇತ್ರಕ್ಕೆ ಸೇರಿದ ಪಿಲಾತ್ತರ ಕಡೆಯ ಬೂತಿನಲ್ಲಿ ಕಳ್ಳವೋಟು ಹಾಕಿದ್ದು ಕ್ಯಾಮೆರಾದಲ್ಲೇ ಸಿಕ್ಕಿತು, ಮೇ 19ಕ್ಕೆ ಅಲ್ಲಿಯೂ ಇನ್ನು ಕೆಲವು ಬೂತುಗಳಲ್ಲೂ ಮರುಮತದಾನ ಆಯ್ತು. ಅಂದ್ರೆ ಇಂಥದ್ದು ಆಗ್ತದೆ, ಸಿಕ್ಕಿಬೀಳ್ತದೆ, ಸರಿಯೂ ಆಗ್ತದೆ. ಪ್ರಶ್ನೆ ಇರೋದು ಪ್ರತಿ ಆರೋಪವನ್ನು ಹೇಗೆ ಪರೀಕ್ಷೆ ಮಾಡುವುದು ಅನ್ನೋದ್ರಲ್ಲಿ.

ಅದಕ್ಕೆ ಕಾನೂನಿನಲ್ಲಿ ಎರಡು ಹಂತ ಉಂಟು. ಎಣಿಕೆ ಕೇಂದ್ರದಲ್ಲೇ, ಫಲಿತಾಂಶ ಘೋಷಣೆಗೆ ಮುಂಚೆ, ಮರುಎಣಿಕೆ ಬೇಕು ಅಂತ ಕಾರಣ ಬರೆದು ಚುನಾವಣಾಧಿಕಾರಿಗೆ ಅರ್ಜಿ ಕೊಡಬಹುದು. ಆದರೆ ಇವಿಎಂನಲ್ಲಿ ಪುನಃ ಬಟನ್ ಒತ್ತಿದರೆ ಅದೇ ಅಂಕಿ ಬರ್ತದೆ, ಬದಲಾಗುವ ಸಾಧ್ಯತೆ ಹೆಚ್ಚು ಇರೋದು ಅಂಚೆ ಮತದಲ್ಲಿ, ಸಹಿ ಸರಿ ಇಲ್ಲ ಇನ್ನೊಂದು ಸರಿ ಇಲ್ಲ ಅಂತ ತಳ್ಳಿಹಾಕಿದ ಕವರುಗಳಲ್ಲಿ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ರಾತ್ರಿವರೆಗೆ ಗಲಾಟೆ ಆದದ್ದು ಈ ಅಂಚೆ ಮತದ ಮೇಲೆಯೇ, ಕಡೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ವೋಟಲ್ಲಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರನ್ನು ಸೋಲಿಸಿದರು.

ಎರಡನೇ ಹಂತ ಹೈಕೋರ್ಟು. ಫಲಿತಾಂಶ ಬಂದು 45 ದಿನದೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸುರೇಂದ್ರನ್ ಹಾಕಿದರು, ಸತ್ತವರ ಮತ್ತು ಗಲ್ಫಿನಲ್ಲಿ ಇರುವವರ ಹೆಸರಲ್ಲಿ ಅಂತರಕ್ಕಿಂತ ಜಾಸ್ತಿ ವೋಟು ಬಿದ್ದಿದೆ ಅಂತ. ನಮ್ಮ ಮಂಜೇಶ್ವರದಲ್ಲಿ ಗಲ್ಫಿನ ಪ್ರಶ್ನೆ ಸಣ್ಣದಲ್ಲ, ಮನೆಗೊಬ್ಬರಾದರೂ ದುಬೈಯಲ್ಲೋ ಸೌದಿಯಲ್ಲೋ ಇರುವ ಊರು, ಪಟ್ಟಿಯಲ್ಲಿ ಹೆಸರಿದ್ದರೂ ಬೂತಿಗೆ ಬಂದೇ ಹಾಕಬೇಕು, ಅದಕ್ಕೆಂದೇ ರಜೆ ಹಾಕಿ ಬರುವವರು ಎಷ್ಟೋ ಜನ. ಹಾಗಾಗಿ ಆ ದಿನ ಇವನು ಊರಲ್ಲಿ ಇದ್ದನಾ ಇಲ್ಲವಾ ಅಂತ ಒಬ್ಬೊಬ್ಬರದ್ದೇ ದಾಖಲೆ ತೆಗೆಸಿ ನೋಡಬೇಕು. ಸತ್ತವರು ಅಂತ ಪಟ್ಟಿಯಲ್ಲಿ ಇದ್ದ ಕೆಲವರ ಮನೆಗೆ ಕೋರ್ಟಿನ ಸಮನ್ಸ್ ಹೋದಾಗ ಅವರೇ ಬಂದು ಸಹಿ ಹಾಕಿ ತಗೊಂಡದ್ದು ಪತ್ರಿಕೆಗಳಲ್ಲಿ ಬಂತು. ಅದರರ್ಥ ಇಡೀ ಆರೋಪ ಸುಳ್ಳು ಅಂತಲೂ ಅಲ್ಲ, ಒಂದೊಂದೇ ಹೆಸರು ಹಿಡಿದು ಹೋಗುವ ಕೆಲಸ ಎಷ್ಟು ನಿಧಾನ ಅಂತ ಹೇಳಿದೆ. ಅದರ ಮೇಲೆ ಮತದಾನ ಗುಪ್ತ, ಕಳ್ಳವೋಟು ಬಿದ್ದದ್ದು ಸಾಬೀತಾದರೂ ಅದು ಯಾರಿಗೆ ಬಿತ್ತು ಅಂತ ಹೇಳೋದು ಸುಲಭ ಅಲ್ಲ, ಅದರಿಂದ ಫಲಿತಾಂಶ ಬದಲಾಯ್ತು ಅಂತ ಕೋರ್ಟಿಗೆ ಮನವರಿಕೆ ಮಾಡಬೇಕು.

ಈ ನಡುವೆ 2018ರ ಅಕ್ಟೋಬರ್ 20ಕ್ಕೆ ರಝಾಕ್ ತೀರಿಕೊಂಡರು. ಕೇಸು ಬಾಕಿ ಇದ್ದದ್ದರಿಂದ ಉಪಚುನಾವಣೆ ಮುಂದಕ್ಕೆ ಹೋಯ್ತು. 2019ರಲ್ಲಿ ಸುರೇಂದ್ರನ್ ಅರ್ಜಿ ವಾಪಸ್ ತೆಗೆದರು, ಅಕ್ಟೋಬರ್ 21ಕ್ಕೆ ಉಪಚುನಾವಣೆ ಆಯ್ತು. ದಿನ ಲೆಕ್ಕ ಹಾಕಿ, ಒಂದು ವರ್ಷ ಒಂದು ದಿನ. ಅಷ್ಟು ಕಾಲ ತಿರುವನಂತಪುರದಲ್ಲಿ ಮಂಜೇಶ್ವರದ ಪರವಾಗಿ ಎದ್ದು ನಿಂತು ಮಾತಾಡುವವರು ಯಾರೂ ಇರಲಿಲ್ಲ. ರಾಜ್ಯದ ಈ ತುದಿಯಲ್ಲಿ, ಕನ್ನಡ ಶಾಲೆಗೆ ಮಲಯಾಳ ಮಾತ್ರ ಬರುವ ಮೇಷ್ಟ್ರು ಬಂದರೆ ಯಾರ ಹತ್ತಿರ ಹೇಳೋದು ಅಂತ ಇರುವ ನಮ್ಮಂಥವರಿಗೆ ಅದು ದೊಡ್ಡ ನಷ್ಟ, ಇದನ್ನು ನಾನು ಬೇಸರದಿಂದಲೇ ಬರೀತಿದ್ದೇನೆ. ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ 7,923 ವೋಟಲ್ಲಿ ಗೆದ್ದರು. ಆಗ ಕಳ್ಳವೋಟಿನ ಮಾತು ನಮ್ಮ ಪೇಟೆಯಲ್ಲಿ ನಾನು ಕೇಳಿದ್ದು ಕಮ್ಮಿ. ಬೂತುಗಳು ಅವೇ, ಜನ ಅವರೇ, ಅಂತರ ಮಾತ್ರ ಬೇರೆ.

ಇಲ್ಲಿ ಕೇರಳದ್ದೇ ಒಂದು ಹಳೇ ಸಂಗತಿ ಹೇಳಲೇಬೇಕು. ಇಡೀ ದೇಶದಲ್ಲಿ ಮೊದಲ ಸಲ ಮತಯಂತ್ರ ಬಳಸಿದ್ದು 1982ರ ಮೇ ತಿಂಗಳಲ್ಲಿ, ಎರ್ನಾಕುಳಂ ಜಿಲ್ಲೆಯ ಪರವೂರಿನಲ್ಲಿ, 84 ಬೂತುಗಳ ಪೈಕಿ 50ರಲ್ಲಿ. ಸಿಪಿಐಯ ಶಿವನ್ ಪಿಳ್ಳೆ ಚುನಾವಣೆಗೆ ಮುಂಚೆಯೇ ಈ ಯಂತ್ರ ಬೇಡ ಅಂತ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯ್ತು. ಆಮೇಲೆ ಎಣಿಕೆ ಆದಾಗ ಗೆದ್ದದ್ದು ಅವರೇ, ಕಾಂಗ್ರೆಸ್ಸಿನ ಎ.ಸಿ. ಜೋಸ್ ಅವರನ್ನು 123 ವೋಟಲ್ಲಿ ಸೋಲಿಸಿ. ಈಗ ಯಂತ್ರದ ವಿರುದ್ಧ ಕೋರ್ಟಿಗೆ ಹೋದದ್ದು ಯಾರು? ಸೋತ ಜೋಸ್. ಯಂತ್ರದ ಪರವಾಗಿ ನಿಲ್ಲಬೇಕಾದದ್ದು ಯಾರು? ಅದೇ ಶಿವನ್ ಪಿಳ್ಳೆ. ಕಡೆಗೆ 1984ರಲ್ಲಿ ಸುಪ್ರೀಂ ಕೋರ್ಟು, ಯಂತ್ರ ಬಳಸ್ಲಿಕ್ಕೆ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ ಅಂತ ಹೇಳಿ ಆ 50 ಬೂತುಗಳಲ್ಲಿ ಕಾಗದದ ಮತಪತ್ರದಲ್ಲಿ ಮರುಮತದಾನ ಮಾಡಿಸಿತು, ಜೋಸ್ ಗೆದ್ದರು. ಆಮೇಲೆ ದೇಶದ ಮಟ್ಟದಲ್ಲೂ ಇದೇ ಆಯ್ತು, 2009ರಲ್ಲಿ ಸೋತಾಗ ಅಡ್ವಾಣಿ ಅವರು ಮತಪತ್ರ ವಾಪಸ್ ಬರ್ಲಿ ಅಂದರು, ಆಮೇಲೆ ಸೋಲು ಕಾಂಗ್ರೆಸ್ಸಿನ ಕಡೆ ಬಂದಾಗ ಅದೇ ಮಾತು ಅವರ ಬಾಯಲ್ಲಿ ಬಂತು. ಯಂತ್ರ ಸರಿಯಾ ತಪ್ಪಾ ಅನ್ನೋದು ಬೇರೆಯೇ ಚರ್ಚೆ, ಅದು ಆಗಲೇಬೇಕು. ನಾನು ಹೇಳ್ತಾ ಇರೋದು, ಅನುಮಾನ ಯಾವಾಗ ಹುಟ್ಟುತ್ತದೆ ಅಂತ ಹುಡುಕಿದರೆ ಹೆಚ್ಚಿನ ಸಲ ಅದು ಹುಟ್ಟುವುದು ನಮ್ಮ ಕಡೆ ಸೋತ ದಿನ.

ಅಮೆರಿಕದಲ್ಲೂ ಇದೇ. 2000ದಲ್ಲಿ ಫ್ಲೋರಿಡಾ ರಾಜ್ಯದಲ್ಲಿ ಬುಷ್ ಗೆದ್ದದ್ದು ಬರೀ 537 ವೋಟಲ್ಲಿ, ಅದರಿಂದಲೇ ಅಧ್ಯಕ್ಷ ಪದವಿ ಸಿಕ್ಕಿತು, ಅಲ್ಲಿ ಮೂರನೆಯವರಾದ ರಾಲ್ಫ್ ನೇಡರ್ 97 ಸಾವಿರ ಚಿಲ್ಲರೆ ವೋಟು ತಗೊಂಡಿದ್ದರು, ನಮ್ಮ ವೋಟು ಒಡೆದರು ಅಂತ ಸೋತ ಡೆಮಾಕ್ರಟಿಕ್ ಪಕ್ಷದವರಿಗೆ ಅವರ ಮೇಲೆ ಇನ್ನೂ ಸಿಟ್ಟು ಉಂಟು. 2020ರಲ್ಲಿ ಇನ್ನೊಂದು ತರ. ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಅಂಚೆ ಮತವನ್ನು ಚುನಾವಣಾ ದಿನಕ್ಕೆ ಮುಂಚೆ ತೆರೀಲಿಕ್ಕೆ ಕಾನೂನು ಬಿಡುವುದಿಲ್ಲ, ಅಂಚೆಯಲ್ಲಿ ಹಾಕಿದವರಲ್ಲಿ ಬೈಡನ್ ಕಡೆಯವರು ಜಾಸ್ತಿ, ಹಾಗಾಗಿ ರಾತ್ರಿ ಟ್ರಂಪ್ ಮುಂದೆ ಇದ್ದು ದಿನ ಕಳೆದ ಹಾಗೆ ಬೈಡನ್ ಮುಂದೆ ಬಂದರು. ನಮ್ಮಲ್ಲಿಯೂ ಒಂದು ಸುತ್ತಿನಲ್ಲಿ ಬಿಜೆಪಿಯ ತಾವರೆ, ಇನ್ನೊಂದು ಸುತ್ತಿನಲ್ಲಿ ಲೀಗಿನ ಏಣಿ ಮುಂದೆ ಬರುವುದು ಬೂತುಗಳನ್ನು ನಂಬರ್ ಪ್ರಕಾರ ಎಣಿಸೋದ್ರಿಂದ, ಒಂದೊಂದು ಊರಿನದ್ದು ಒಂದೊಂದು ಒಲವು. ವೋಟು ಬಿದ್ದು ಆಗಿರ್ತದೆ, ಎಣಿಸುವ ಕ್ರಮ ಮಾತ್ರ ನಮಗೆ ಕಾಣೋದು. ಆದರೆ ಟ್ರಂಪ್ ಬೆಂಬಲಿಗರಿಗೆ ಅದು ರಾತ್ರೋರಾತ್ರಿ ಕದ್ದ ಹಾಗೆ ಕಂಡಿತು, ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲಿ ಎಣಿಸಿದ ಮೇಲೂ ಬೈಡನ್ನೇ ಗೆದ್ದದ್ದು, ಅದೂ ಅವರಿಗೆ ಸಾಕಾಗಲಿಲ್ಲ. 2021ರ ಜನವರಿ 6ಕ್ಕೆ ಸಂಸತ್ತಿಗೆ ನುಗ್ಗುವವರೆಗೆ ಹೋಯ್ತು.

ಅಷ್ಟು ದೂರ ಹೋಗ್ಲಿಕ್ಕೆ ಕಾರಣ ಅಂತರ ಒಂದೇ ಅಲ್ಲ, ವ್ಯಕ್ತಿ. ಪಕ್ಷ ಸೋತರೆ ಐದು ವರ್ಷ ಬಿಟ್ಟು ನೋಡುವ ಅಂತ ಸಮಾಧಾನ ಆಗ್ತದೆ. ಒಬ್ಬ ಮನುಷ್ಯನನ್ನೇ ನಂಬಿ, ಅವನ ಗೆಲುವನ್ನು ನನ್ನ ಮರ್ಯಾದೆ ಅಂತ ಎದೆಗೆ ಹಚ್ಚಿಕೊಂಡರೆ ಅವನ ಸೋಲು ನನಗೆ ಮಾಡಿದ ಅವಮಾನ ಆಗ್ತದೆ. 2021ರಲ್ಲಿ ಸುರೇಂದ್ರನ್ ಆಗ ರಾಜ್ಯಾಧ್ಯಕ್ಷರು, ಮಂಜೇಶ್ವರ ಮತ್ತು ಕೋನ್ನಿ ಎರಡೂ ಕಡೆ ನಿಂತರು, ಎರಡು ಕ್ಷೇತ್ರ ರಾಜ್ಯದ ಎರಡು ತುದಿ, ಹೆಲಿಕಾಪ್ಟರಿನಲ್ಲಿ ಓಡಾಡಿದರು. ಮಾವನಿಗೆ ಅದು ನಮ್ಮ ಊರಿಗೆ ಬಂದ ಗೌರವ. ಇಚ್ಚನಿಗೆ ಅದು ಅಹಂಕಾರ. ಹೆಲಿಕಾಪ್ಟರ್ ಒಂದೇ. ಗೆದ್ದಿದ್ದರೆ ಅದೇ ದೊಡ್ಡ ತಂತ್ರ ಅಂತ ಎಲ್ಲರೂ ಬರೀತಿದ್ದರು. ಅವರು ಸೋತದ್ದು 745 ವೋಟಲ್ಲಿ, ಲೀಗಿನ ಎ.ಕೆ.ಎಂ. ಅಶ್ರಫ್ 65,758, ಇವರು 65,013. ಐದು ವರ್ಷದಲ್ಲಿ ಎರಡನೇ ಸಲ ಕಣ್ಣೆದುರೇ ಬಸ್ಸು ಹೋಯ್ತು.

ಆಮೇಲೆ ಆ ಮೇ ತಿಂಗಳಲ್ಲೇ ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತಗೊಂಡರು. ಆ ವಿಡಿಯೋ ನಮ್ಮ ಎಲ್ಲರ ಮೊಬೈಲಿಗೂ ಬಂತು. ಮಾವ ಅದನ್ನು ಎರಡು ಸಲ ನೋಡಿದರು, ನಾನು ಪಕ್ಕದಲ್ಲೇ ಇದ್ದೆ. "ಕನ್ನಡ ಚಂದ ಉಂಟು" ಅಂದರು, ಅಷ್ಟೇ. ವ್ಯಕ್ತಿಯಿಂದ ದೂರ ಹೋದವರನ್ನು ವ್ಯಕ್ತಿಯೇ ಸ್ವಲ್ಪ ಹತ್ತಿರ ತರಬಹುದು ಅಂತ ನನಗೆ ಅವತ್ತು ಅನ್ನಿಸಿತು, ನಮ್ಮ ಕಾಸರಗೋಡಿನಲ್ಲಿ ಭಾಷೆಯ ಗಾಯ ಪಕ್ಷದ ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಲೀಗಿನಲ್ಲೂ ಕನ್ನಡ ಓದಿದವರು ಇದ್ದಾರೆ, ಬಿಜೆಪಿಯಲ್ಲಿ ಅಭ್ಯರ್ಥಿ ಮಲಯಾಳಿ ಆಗಿ ಬರುವುದೂ ಉಂಟು.

ಮತ್ತೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪ್ರತಿ ಚುನಾವಣೆ ಆದ ಮೇಲೆ ಫಾರ್ಮ್ 20 ಅಂತ ಒಂದು ಪಟ್ಟಿ ಹಾಕ್ತಾರೆ, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ವೋಟು ಅಂತ ಸಾಲು ಸಾಲಾಗಿ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಸಿಗ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಟಿವಿ ಚರ್ಚೆಯಲ್ಲಿ ಕಿರುಚಾಡುವವರಲ್ಲಿ ಹೆಚ್ಚಿನವರು ಇದನ್ನು ನೋಡಿರುವುದಿಲ್ಲ ಅಂತ ನನ್ನ ಅಂದಾಜು. 2021ರದ್ದನ್ನು ನಾನು ಪ್ರಿಂಟ್ ತೆಗೆದು ಮಾವನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ನಮ್ಮ ಬೂತಿನ ಸಾಲು ಹುಡುಕಿದರು. ಏಣಿಯ ಕಾಲಮ್ಮಿನಲ್ಲಿ ಅವರು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಮನೆ ಮನೆ ಹೆಸರು ಹೇಳ್ತಾ ಬೆರಳು ಮಡಚಿದರು, ಇವರು ಹಾಕಿರಬಹುದು, ಇವರು ಖಂಡಿತ ಇಲ್ಲ, ಆ ಬದಿಯ ಎರಡು ಮನೆ ಸೇರಿಸಿದರೂ ಲೆಕ್ಕ ಸರಿ ಹೋಗಲಿಲ್ಲ. "ನಮ್ಮಲ್ಲಿ ಇಷ್ಟು ಜನ ಉಂಟಾ?" ಅಂತ ನನ್ನನ್ನೇ ಕೇಳಿದರು. ಆಮೇಲೆ ಇಚ್ಚನ ಬೂತು ಯಾವ ನಂಬರ್ ಅಂತ ಕೇಳಿ ಆ ಸಾಲಿನಲ್ಲಿ ತಾವರೆಗೆ ಎಷ್ಟು ಬಿದ್ದಿದೆ ಅಂತ ನೋಡಿದರು, ಪುನಃ ನೋಡಿದರು, ಮೊಬೈಲ್ ತೆಗೆದು ಅಂಗಡಿಗೆ ಫೋನ್ ಹಚ್ಚಿದರು.

"ಮಾರಾಯ, ನಿನ್ನ ಬೂತಿನದ್ದು ಒಂದು ಲೆಕ್ಕ ಉಂಟು ನನ್ನ ಕೈಯಲ್ಲಿ, ಅಂಗಡಿ ಬಾಗಿಲು ಹಾಕಬೇಡ, ಬರ್ತೇನೆ" ಅಂದರು.